ಪದ ಬೇಕಿದೆ: ‘ಟೆಂಟೆಟಿವ್ ಅಗ್ರಿಮೆಂಟ್’, ‘ರ‍್ಯಾಟಿಫೈ’ (ಇವತ್ತೇ ಬೇಕು)

ಸ.ವಿ., ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಕಾರ್ಮಿಕರ ಮಾಸಪತ್ರಿಕೆಯೊಂದಕ್ಕೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. ಪುಟ ನಾಳೆ ಬೆಳಗ್ಗೆ ಅಚ್ಚಿಗೆ ಹೋಗುತ್ತೆ. ಹಾಗಾಗಿ ಅವಸರ.

ವಿಷಯ ಅಮೆರಿಕದ್ದು. ಅಮೆರಿಕನ್ ಈಗಲ್ ಎಂಬ ವಿಮಾನ ಕಂಪನಿಯ ಪೈಲಟ್‌ಗಳ ಮುಂದೆ 2014ರಲ್ಲಿ ಒಂದು ಒಪ್ಪಂದ ಬಂತು. ಸಂಬಳ, ಸವಲತ್ತಿನಲ್ಲಿ ಬಿಟ್ಟುಕೊಡಿ, ಹೊಸ ಜೆಟ್‌ಗಳನ್ನು ನಿಮಗೇ ಕೊಡುತ್ತೇವೆ ಅನ್ನೋದು ಅದರ ಸಾರ. ಒಪ್ಪಬೇಕೋ ಬೇಡವೋ ಎಂದು ಪೈಲಟ್‌ಗಳಲ್ಲೇ ಜಗಳ. ಮಾರ್ಚ್‌ನಲ್ಲಿ ಮತ ಹಾಕಿ ಬೇಡ ಅಂದರು. ನಾನು ಸಿಕ್ಕಿಕೊಂಡಿರುವ ವಾಕ್ಯ ಇದು:

‘ಯೂನಿಯನ್ನಿನ ಮಾತುಕತೆ ತಂಡವೂ ಆಡಳಿತವೂ ಒಂದು ____ ಮಾಡಿಕೊಂಡವು. ಅದನ್ನು ಸದಸ್ಯರು ____ ಬೇಕಿತ್ತು.’

ಮೊದಲ ಖಾಲಿ ಜಾಗಕ್ಕೆ ನಿಘಂಟು ‘ತಾತ್ಕಾಲಿಕ ಒಪ್ಪಂದ’ ಅನ್ನುತ್ತೆ. ಓದಿದರೆ ಸ್ವಲ್ಪ ದಿನ ಜಾರಿಯಲ್ಲಿದ್ದು ಮುಗಿದುಹೋಗುವ ಒಪ್ಪಂದ ಅನ್ಸುತ್ತೆ. ಇಲ್ಲಿ ಅದು ಜಾರಿಗೇ ಬಂದಿಲ್ಲ. ಎರಡನೆಯದಕ್ಕೆ ‘ಅನುಮೋದಿಸ’ ಹಾಕಿದ್ದೇನೆ, ಸಮಾಧಾನ ಇಲ್ಲ. ಸದ್ಯಕ್ಕೆ ಇಟ್ಟಿರುವ ತಲೆಬರಹ: ‘ಗುತ್ತಿಗೆ ವಿಚಾರ: ಪೈಲಟ್‌ಗಳಲ್ಲಿ ಒಡಕು’.

ಎಂ.ಕೆ., ಧಾರವಾಡ

‘ಒಡಂಬಡಿಕೆ’ ಅನ್ರಿ. ಒಡನ್ + ಪಡು. ಹಳಗನ್ನಡದಿಂದ ಬಂದ ಪದ, ತಮಿಳಿನಲ್ಲಿ ಉಡನ್‌ಪಡಿಕ್ಕೈ. ‘ಒಪ್ಪಂದ’ ಅದರ ಮುಂದೆ ಏನೂ ಅಲ್ಲ. ಒಪ್ಪು + ಅಂದ, ಎರಡೂ ಚೆಲುವು ಅನ್ನೋ ಅರ್ಥದವು. ಒಪ್ಪವೂ ಚೆಲುವು, ಅಂದವೂ ಚೆಲುವು. ಕಾರ್ಮಿಕರ ಸಂಬಳಕ್ಕೂ ಚೆಲುವಿಗೂ ಏನು ಸಂಬಂಧ?

ಬಾನ್ನುಡಿ

ಮೇಷ್ಟ್ರೇ, ಒಪ್ಪು ಅಂದರೆ ಹೊಂದು, ತಕ್ಕುದಾಗು ಅಂತಲೂ ಇದೆ. ಚೆಲುವು ಅದರ ಒಂದು ಕವಲು ಅಷ್ಟೆ. ಇನ್ನು ಆ ‘ಅಂದ’ ಎಲ್ಲಿಂದ ಬಂತು? ತಮಿಳಿನಲ್ಲೂ ಒಪ್ಪಂದಂ, ತೆಲುಗಿನಲ್ಲೂ ಒಪ್ಪಂದಂ. ಮೂರೂ ನುಡಿಯವರು ಕೂತು ಅಂದಚೆಂದ ಸೇರಿಸಿದರಾ?

ಕೇಳಿದ್ದಕ್ಕೆ ಉತ್ತರ. ಮೊದಲನೆಯದು: ಮುನ್ನೊಪ್ಪಿಗೆ. ಎರಡನೆಯದು: ಗಟ್ಟಿಗೊಳಿಸು. ಪೈಲಟ್ ಬೇಡ, ಬಾನೋಡಿಗ. ಮುಗಿಯಿತು.

ಪೀಣ್ಯ

ಮೇಡಂ, ಮೊದಲು ಆ ತಲೆಬರಹದ ‘ಗುತ್ತಿಗೆ’ ತೆಗೆದುಬಿಡಿ. ದಯವಿಟ್ಟು. ಕಾರ್ಮಿಕರ ಪತ್ರಿಕೆ ಓದುವವನಿಗೆ ಗುತ್ತಿಗೆ ಅಂದರೆ ಒಂದೇ ಅರ್ಥ: ಕಾಯಂ ಅಲ್ಲದವನು, ಪಿ.ಎಫ್. ಕಟ್ಟದ ಕಂಟ್ರಾಕ್ಟರ್ ಕೆಳಗೆ ಇರುವವನು. ‘ಪೈಲಟ್‌ಗಳ ಗುತ್ತಿಗೆ’ ಅಂತ ಓದಿದರೆ ಅವರೆಲ್ಲ ಗುತ್ತಿಗೆ ನೌಕರರು ಅಂದುಕೊಳ್ಳುತ್ತಾರೆ. ಇದು ವೇತನ ಒಪ್ಪಂದ. ಶಾಪ್ ಫ್ಲೋರಿನಲ್ಲಿ ‘ಅಗ್ರಿಮೆಂಟು’, ‘ಸೆಟ್ಲ್‌ಮೆಂಟು’.

‘ಒಡಕು’ ಕೂಡ ಬೇಡ. ಅದು ಆಡಳಿತದವರು ಇಷ್ಟಪಡುವ ಪದ. ಒಂದು ಪ್ರಶ್ನೆಗೆ ಮತ ಹಾಕಿದರೆ ಹೌದು ಅನ್ನುವವರೂ ಇರುತ್ತಾರೆ, ಇಲ್ಲ ಅನ್ನುವವರೂ ಇರುತ್ತಾರೆ. ಯೂನಿಯನ್ ಎರಡಾದರೆ ಮಾತ್ರ ಒಡಕು. ಇಲ್ಲಿ ಆಗಿರೋದು ಭಿನ್ನಮತ.

ಮುನ್ನೊಪ್ಪಿಗೆ ಅಂದರೆ ನನಗೆ ಪೂರ್ವಾನುಮತಿ ಅಂತ ಕೇಳಿಸುತ್ತೆ. ರಜೆಗೆ ಮುಂಚೆ ತಗೊಳ್ಳೋದು.

ಜಿ., ಡಲ್ಲಾಸ್

ನಾನಿರುವುದು ಅರ್ವಿಂಗ್ ಪಕ್ಕದಲ್ಲಿ, ಆ ಕಂಪನಿಯ ಮುಖ್ಯ ಕಚೇರಿ ಇರುವ ಊರು. ಹೆಸರು 2014ರಲ್ಲೇ ಎನ್ವಾಯ್ ಅಂತ ಬದಲಾಯಿತು. ಸ.ವಿ. ಮೇಡಂ, ಲೇಖನದಲ್ಲಿ ಎರಡೂ ಹೆಸರು ಬಂದರೆ ಗಾಬರಿಯಾಗಬೇಡಿ.

ಪದಕ್ಕಿಂತ ಮೊದಲು ಕೆಲಸ ಹೇಗೆ ನಡೆಯುತ್ತೆ ನೋಡಿ. ಇಲ್ಲಿ ‘ರೀಜನಲ್’ ಕಂಪನಿ ಟಿಕೆಟ್ ಮಾರುವುದಿಲ್ಲ. ಟಿಕೆಟ್ ದೊಡ್ಡ ಕಂಪನಿಯದು (ಇಲ್ಲಿ ಅಮೆರಿಕನ್ ಏರ್‌ಲೈನ್ಸ್), ವಿಮಾನದ ಬಣ್ಣವೂ ಅದರದ್ದೇ. ಒಳಗಿರುವ ಪೈಲಟ್ ಮಾತ್ರ ಚಿಕ್ಕ ಕಂಪನಿಯವನು. ಬಿ.ಎಂ.ಟಿ.ಸಿ. ಎಲೆಕ್ಟ್ರಿಕ್ ಬಸ್ ನೆನಪಿಸಿಕೊಳ್ಳಿ: ಹೆಸರು ಬಿ.ಎಂ.ಟಿ.ಸಿ., ಕಂಡಕ್ಟರ್ ಬಿ.ಎಂ.ಟಿ.ಸಿ., ಡ್ರೈವರ್ ಖಾಸಗಿ ಕಂಪನಿಯವನು. ಹಾಗಾಗಿ ‘ಪ್ರಾದೇಶಿಕ ವಿಮಾನ ಸಂಸ್ಥೆ’ ಅಂದರೆ ಓದುಗ ಕಲಬುರಗಿ, ಬೀದರ್ ಕಡೆಗೆ ಹಾರುವ ಉಡಾನ್ ವಿಮಾನ ಅಂದುಕೊಳ್ಳುತ್ತಾನೆ. ಒಂದು ಸಾಲು ವಿವರಣೆ ಹಾಕಲೇಬೇಕು.

ಜಗಳ ಏನು ಅಂದರೆ, ದೊಡ್ಡ ಕಂಪನಿ 60 ಎಂಬ್ರೇಯರ್ 175 ಜೆಟ್‌ಗಳಿಗೆ ಆರ್ಡರ್ ಕೊಟ್ಟಿತ್ತು. ನಮ್ಮ ಸ್ಟಾರ್ ಏರ್ ಓಡಿಸೋದೂ ಅದೇ ಮಾದರಿ. ಯಾರು ಕಡಿಮೆ ಖರ್ಚಿಗೆ ಹಾರಿಸುತ್ತಾರೋ ಅವರಿಗೆ ಅವು. ಅದೇ ಗುಂಪಿನ ಇನ್ನೊಂದು ಕಂಪನಿ ಪಿ.ಎಸ್.ಎ.ಯ ಪೈಲಟ್‌ಗಳು 2013ರಲ್ಲೇ ಒಪ್ಪಿಕೊಂಡು 30 ಸಿ.ಆರ್.ಜೆ. 900 ಜೆಟ್ ಪಡೆದಿದ್ದರು. ಹೌದು ಅನ್ನುವವರ ವಾದ ಸರಳ: ಹಳೇ 50 ಸೀಟಿನ ವಿಮಾನಗಳು ಹೋಗ್ತಾ ಇವೆ, ಹೊಸವು ಬರದಿದ್ದರೆ ಕಂಪನಿ ಚಿಕ್ಕದಾಗುತ್ತೆ, ಕ್ಯಾಪ್ಟನ್ ಆಗಿದ್ದವನು ಮತ್ತೆ ಬಲಗಡೆ ಸೀಟಿಗೆ, ಅಂದರೆ ಫಸ್ಟ್ ಆಫೀಸರ್ (ಸಹ-ಪೈಲಟ್) ಜಾಗಕ್ಕೆ, ಇಳಿಯಬೇಕಾಗುತ್ತೆ. ಬೇಡ ಅನ್ನುವವರಿಗೂ ಕಾರಣ ಇತ್ತು. 2012ರಲ್ಲಿ ದಿವಾಳಿ ಕೋರ್ಟಿನ ನೆರಳಲ್ಲಿ ಆಗಲೇ ಬಿಟ್ಟುಕೊಟ್ಟಿದ್ದರು. ಹೊಸ ಫಸ್ಟ್ ಆಫೀಸರ್ ಸಂಬಳ ವರ್ಷಕ್ಕೆ 25,000 ಡಾಲರ್ ಆಸುಪಾಸು. 2009ರ ಬಫಲೋ ವಿಮಾನ ಅಪಘಾತದ ನಂತರ ಬಂದ ಕಾನೂನಿನಿಂದ 2013ರಿಂದ ಫಸ್ಟ್ ಆಫೀಸರ್ ಆಗಲೂ ಸಾಮಾನ್ಯವಾಗಿ 1,500 ಗಂಟೆ ಹಾರಾಟ ಬೇಕಾಯಿತು. ಅಷ್ಟು ಹಾರಿದವನು ಈ ಸಂಬಳಕ್ಕೆ ಯಾಕೆ ಬರ್ತಾನೆ? ಬರುವವರೇ ಕಡಿಮೆ ಆದಾಗ ನಾವ್ಯಾಕೆ ಬಗ್ಗಬೇಕು ಅಂದರು. ಮತ ಹಾಕಿದವರಲ್ಲಿ ಶೇಕಡ 70ರಷ್ಟು ಮಂದಿ ಬೇಡ ಅಂದರು.

ನನ್ನ ಮತ: ಪೈಲಟ್ ಪೈಲಟ್ಟೇ. ಬಾನೋಡಿಗ ಅಂದರೆ ನಮ್ಮಮ್ಮನಿಗೆ ಅರ್ಥ ಆಗಲ್ಲ.

ಬಾನ್ನುಡಿ

ನಿಮ್ಮಮ್ಮನಿಗೆ ‘ಅನುಮೋದನೆ’ ಅರ್ಥ ಆಗುತ್ತಾ? ಸಂಸ್ಕೃತದ ಪದವಾದರೆ ಯಾರೂ ಅಮ್ಮನನ್ನು ಕೇಳುವುದಿಲ್ಲ. ಕನ್ನಡದ್ದು ಬಂದ ಕೂಡಲೇ ಅಮ್ಮ ಬರುತ್ತಾರೆ.

ಕಾನೂನು ಕನ್ನಡ, ಮೈಸೂರು

ರ‍್ಯಾಟಿಫಿಕೇಶನ್‌ಗೆ ‘ಅನುಸಮರ್ಥನೆ’. ಚರ್ಚೆ ಅನಗತ್ಯ.

ಎಂ.ಕೆ., ಧಾರವಾಡ

ಅದು ಹಿಂದಿಯವರ ‘ಅನುಸಮರ್ಥನ್’. ಬಾಲಕ್ಕೊಂದು ಎಕಾರ ಹಚ್ಚಿದರೆ ಕನ್ನಡ ಆಗೂದಿಲ್ಲ. ನಮ್ಮ ಕಡೆ ‘ಕರಾರು’, ‘ಮಂಜೂರು’ ಇದ್ದಾವ. ಹೊಲದ ಕಾಗದದಾಗ ಎಷ್ಟು ತಲೆಮಾರಿನಿಂದ ಓದಿಕೋತ ಬಂದೀವಿ.

ಬಾನ್ನುಡಿ

ಕರಾರು ಅರಬ್ಬಿ. ಮಂಜೂರು ಅರಬ್ಬಿ. ರಾಜಿ ಅರಬ್ಬಿ. ಜಾರಿ ಅರಬ್ಬಿ. ಹಿಂದಿ ಬೇಡ, ಅರಬ್ಬಿ ಬೇಕು. ಯಾವ ನೇಮ ಇದು?

ಎಂ.ಕೆ., ಧಾರವಾಡ

ಬಳಕೆಯ ನೇಮ. ನಿಮ್ಮ ಬಾನೋಡ ಇನ್ನೂ ನೆಲ ಬಿಟ್ಟಿಲ್ಲ.

ಪೀಣ್ಯ

ಮಂಜೂರು ಆಗಲ್ಲ ಸರ್. ಬೇರು ಎಲ್ಲಿಯದಾದರೂ ಇರಲಿ, ನನಗೆ ಅದರ ತಕರಾರಿಲ್ಲ. ತಕರಾರೂ ಅರಬ್ಬಿಯೇ, ಗೊತ್ತು. ಮಂಜೂರು ಮಾಡೋನು ಮೇಲೆ ಕೂತಿರ್ತಾನೆ. ಸಾಲ ಮಂಜೂರು, ರಜೆ ಮಂಜೂರು. ‘ಅನುಮೋದನೆ’ಯೂ ಅಷ್ಟೇ, ಕಡತ ಮೇಲಕ್ಕೆ ಹೋಗಿ ಕೆಳಕ್ಕೆ ಬರುತ್ತೆ. ಇಲ್ಲಿ ತಿರುಗುಮುರುಗು. ನಾಯಕರು ಮಾಡಿಕೊಂಡು ಬಂದದ್ದನ್ನು ಕೆಳಗಿನವರು ಹೌದು ಅನ್ನಬೇಕು. ಮೇಡಂಗೆ ಸಮಾಧಾನ ಆಗದೇ ಇರೋದು ಅದಕ್ಕೇ ಅನ್ಸುತ್ತೆ.

ನಮ್ಮಲ್ಲಿ ಇದಕ್ಕೆ ನಿಂತ ಪದ ಯಾಕಿಲ್ಲ ಅಂದರೆ, ಆ ಕೆಲಸವೇ ನಮ್ಮಲ್ಲಿ ಕಮ್ಮಿ. ನಾನು ಇದ್ದ ಕಾರ್ಖಾನೆಯಲ್ಲಿ ಹೀಗಿತ್ತು. ಲೇಬರ್ ಆಫೀಸರ್ ಮುಂದೆ, ಆಗಿನ ಕೈಗಾರಿಕಾ ವಿವಾದ ಕಾಯ್ದೆಯ 12(3) ಸೆಟ್ಲ್‌ಮೆಂಟ್ ಆಗೋದು. ನಾಯಕರು ಸಹಿ ಹಾಕಿ ಬರೋರು. ಕಾನೂನಿನ ಪ್ರಕಾರ ಅಲ್ಲಿಗೇ ಅದು ಎಲ್ಲರಿಗೂ ಅನ್ವಯ ಆಗೋದು, ಯೂನಿಯನ್ನಿನಲ್ಲಿ ಇಲ್ಲದವನಿಗೂ. ಆಮೇಲೆ ಶಿಫ್ಟ್ ಬಿಡೋ ಹೊತ್ತಿಗೆ ಗೇಟ್ ಮೀಟಿಂಗ್. ಕ್ಯಾಂಟೀನಿನ ಟೇಬಲ್ ಹೊರಗೆ ತಂದು ಅದರ ಮೇಲೆ ನಿಂತು ಓದೋರು: ಬೇಸಿಕ್ ಇಷ್ಟು, ಡಿ.ಎ. ಇಷ್ಟು, ಉತ್ಪಾದನೆ ಇಷ್ಟು ಹೆಚ್ಚಿಸಬೇಕು. ಉತ್ಪಾದನೆ ಸಾಲು ಬಂದಾಗ ಮೈಕ್ ಸರಿಯಾಗಿ ಕೇಳಿಸ್ತಿರಲಿಲ್ಲ, ಯಾವಾಗಲೂ. ಎಲ್ಲರೂ ಒಪ್ಪಿಗೇನಾ ಅಂದ ಕೂಡಲೇ ಮುಂದಿನ ಸಾಲಿನವರು ಕೈ ಎತ್ತೋರು, ಹಿಂದಿನವರು ಬಸ್ಸಿಗೆ ಓಡೋರು. ಸೀಕ್ರೆಟ್ ಬ್ಯಾಲೆಟ್ ಇಟ್ಟು, ಶೇಕಡ 70 ಬೇಡ ಅಂದು, ನಾಯಕರು ಆ ಕಾಗದ ವಾಪಸ್ ಹಿಡ್ಕೊಂಡು ಹೋಗೋದನ್ನ ನಾನಂತೂ ನೋಡಿಲ್ಲ.

ಹಾಗಾಗಿ ನಿಘಂಟಿನಲ್ಲಿ ಹುಡುಕಬೇಡಿ. ಇದ್ದದ್ದನ್ನ ಇದ್ದ ಹಾಗೆ ಬರೀರಿ: ‘ಮಾತುಕತೆಯಲ್ಲಿ ಒಪ್ಪಂದವಾಯಿತು. ಸದಸ್ಯರು ಮತ ಹಾಕಿ ಒಪ್ಪಿದರೆ ಮಾತ್ರ ಜಾರಿ.’

ಕಾನೂನು ಕನ್ನಡ, ಮೈಸೂರು

ಅದು ವಿವರಣೆ. ಪದವಲ್ಲ.

ಸ.ವಿ., ಬೆಂಗಳೂರು

ಪೀಣ್ಯ ಸರ್, ಮೊದಲ ಸಲ ಬಂದಾಗ ಹೀಗೆ ಬಿಡಿಸಿ ಬರೆಯಬಹುದು. ಲೇಖನದಲ್ಲಿ ಅದು ಮತ್ತೆ ಮತ್ತೆ ಬರುತ್ತೆ. ಪ್ರತಿ ಸಲ ಎರಡು ವಾಕ್ಯ ಬರೆಯಕ್ಕಾಗಲ್ಲ. ‘ಕರಡು ಒಪ್ಪಂದ’ ಆಗುತ್ತಾ?

ಇನ್ನೆರಡು ಪದ ಇವೆ. ‘ಸೀನಿಯಾರಿಟಿ ಲಿಸ್ಟ್’, ‘ವಿಪ್‌ಸಾ’. ಎರಡನೆಯದು ಒಂದು ಕಂಪನಿಯ ಪೈಲಟ್‌ಗಳನ್ನು ತೋರಿಸಿ ಇನ್ನೊಂದು ಕಂಪನಿಯವರ ಹತ್ತಿರ ಕಮ್ಮಿಗೆ ಒಪ್ಪಿಸಿಕೊಳ್ಳೋದು. ಮೂಲ ಅರ್ಥ ಯಾವುದೋ ಗರಗಸ.

ಜಿ., ಡಲ್ಲಾಸ್

ಕರಡು ಬೇಡ. ಕರಡು ಅಂದರೆ ಇನ್ನೂ ತಿದ್ದಬಹುದು. ಇಲ್ಲಿ ಅಕ್ಷರ ಅಕ್ಷರವೂ ಮುಗಿದಿರುತ್ತೆ. ಸದಸ್ಯ ತಿದ್ದುವ ಹಾಗಿಲ್ಲ. ಹೌದು ಅಥವಾ ಇಲ್ಲ, ಅಷ್ಟೇ.

ಇನ್ನೊಂದು ಎಚ್ಚರಿಕೆ. ಲೇಖನದಲ್ಲಿ ‘ಅಮೆಂಡಬಲ್ ಡೇಟ್’ ಬಂದರೆ ‘ಅವಧಿ ಮುಗಿಯಿತು’ ಅಂತ ಬರೆಯಬೇಡಿ. ಇಲ್ಲಿ ವಿಮಾನದವರಿಗೂ 1926ರ ರೈಲ್ವೆ ಕಾರ್ಮಿಕ ಕಾನೂನೇ. 1936ರಲ್ಲಿ ವಿಮಾನ ಕಂಪನಿಗಳನ್ನೂ ಅದರೊಳಗೆ ಸೇರಿಸಿದರು. ಅದರಡಿ ಒಪ್ಪಂದ ಸಾಯುವುದಿಲ್ಲ. ಆ ತಾರೀಖಿನಿಂದ ತಿದ್ದುಪಡಿ ಕೇಳಬಹುದು ಅಷ್ಟೇ, ಹೊಸದು ಆಗುವ ತನಕ ಹಳೆಯದೇ ನಡೆಯುತ್ತೆ. ಮುಷ್ಕರ ಕೂಡ ಸುಲಭವಿಲ್ಲ. ಸರ್ಕಾರದ ಮಧ್ಯಸ್ಥಿಕೆ ಮಂಡಳಿ ಕೈಬಿಟ್ಟ ಮೇಲೆ 30 ದಿನ ಕಾಯಬೇಕು.

ಯೂನಿಯನ್ (ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್) ಹೆಸರಿನ ಮೊದಲ ಅಕ್ಷರಗಳನ್ನು ಇಂಗ್ಲಿಷಿನವರ ಹಾಗೆ ಕೂಡಿಸಿ ‘ಅಲ್ಪಾ’ ಅಂತ ಬರೆಯಬೇಡಿ. 1931ರಿಂದ ಇರುವ ಸಂಘ, ಕನ್ನಡದಲ್ಲಿ ಅಲ್ಪ ಆಗಿಬಿಡುತ್ತೆ. ಎ.ಎಲ್.ಪಿ.ಎ. ಅನ್ನಿ.

ಕಾನೂನು ಕನ್ನಡ, ಮೈಸೂರು

ಸೀನಿಯಾರಿಟಿ ಲಿಸ್ಟ್: ಜ್ಯೇಷ್ಠತಾ ಪಟ್ಟಿ. ಸರ್ಕಾರಿ ಆದೇಶಗಳಲ್ಲಿ ಇರುವುದೇ ಇದು. ಇದಕ್ಕೂ ಜಗಳ ಬೇಡ.

ಬಾನ್ನುಡಿ

ಜಗಳ ಇದೆ. ಅದನ್ನು ಉಲಿಯಲು ಸರ್ಕಾರಿ ನೌಕರನ ನಾಲಿಗೆಯೂ ಹೊರಳುವುದಿಲ್ಲ, ಅವನೂ ಸೀನಿಯಾರಿಟಿ ಅಂತಲೇ ಅನ್ನೋದು. ಹಿರಿತನದ ಪಟ್ಟಿ ಅನ್ನಿ. ವಿಪ್‌ಸಾಗೆ: ಇಬ್ಬಾಯಿ ಗರಗಸ.

ಎಂ.ಕೆ., ಧಾರವಾಡ

ಹಿರಿತನದ ಪಟ್ಟಿ ಒಪ್ಪಿದೆ. (ನೋಡ್ರಿ, ಒಪ್ಪಿದೆ.) ಗರಗಸ ಯಾಕ? ಕನ್ನಡದಾಗ ಹಸನಾದ ಕ್ರಿಯಾಪದ ಐತಲ್ಲ, ‘ಎತ್ತಿಕಟ್ಟು’. ಅಣ್ಣನ ಮ್ಯಾಲ ತಮ್ಮನ್ನ ಎತ್ತಿಕಟ್ಟೂದು. ಪಿ.ಎಸ್.ಎ. ಪೈಲಟ್‌ಗಳನ್ನ ಈಗಲ್ ಪೈಲಟ್‌ಗಳ ಮ್ಯಾಲ ಎತ್ತಿಕಟ್ಟಿದರು.

ಪೀಣ್ಯ

ಮೇಷ್ಟ್ರೇ, ಭೇಷ್. ಗೇಟ್ ಮೀಟಿಂಗಿನಲ್ಲಿ ನಾವೂ ಅದನ್ನೇ ಅಂತಿದ್ದಿದ್ದು.

ಬಾನ್ನುಡಿ

ಎತ್ತಿಕಟ್ಟುವುದರಲ್ಲಿ ಇಬ್ಬರಿಗೂ ಸಿಟ್ಟು ಬಂದಿರಬೇಕು. ಇಲ್ಲಿ ಪೈಲಟ್‌ಗಳಿಗೆ ಒಬ್ಬರ ಮೇಲೊಬ್ಬರಿಗೆ ಹಗೆ ಇಲ್ಲ. ಬೆಲೆ ಇಳಿಸಲು ಹೋಲಿಸಿದ್ದಾರೆ, ಅಷ್ಟೆ. ಪದ ಚೆನ್ನಾಗಿದೆ ಅಂತ ಹುರುಳು ಬಿಡಬೇಡಿ.

ಜಿ., ಡಲ್ಲಾಸ್

ಹಗೆ ಇಲ್ಲ ಅಂತ ಯಾರು ಹೇಳಿದ್ದು? ಕಮ್ಮಿಗೆ ಒಪ್ಪಿದ ಕಂಪನಿಯವರ ಬಗ್ಗೆ ಪೈಲಟ್‌ಗಳು ಆಡಿಕೊಳ್ಳೋದನ್ನ ಇಲ್ಲಿಗೆ ಅನುವಾದಿಸಿದರೆ ನಿರ್ವಾಹಕರು ನನ್ನನ್ನು ಓಡಿಸ್ತಾರೆ.

ಆಮೇಲೆ ಏನಾಯಿತು ಅಂತ ಲೇಖನದಲ್ಲಿ ಇರಬಹುದು, ಇಲ್ಲದಿದ್ದರೆ ಸೇರಿಸಿ. ಬೇಡ ಅಂದ ಮೇಲೆ ಆ 60ರಲ್ಲಿ 20 ಜೆಟ್ ಕಾಂಪಸ್ ಎಂಬ ಬೇರೆ ಕಂಪನಿಗೆ ಹೋದವು. ಎನ್ವಾಯ್ ಪೈಲಟ್‌ಗಳ ಜೊತೆ ಆಮೇಲೆ ಇನ್ನೊಂದು ಒಪ್ಪಂದ ಆಗಿ ಉಳಿದ 40 ಅಲ್ಲಿಗೇ ಬಂದವು. ಪೈಲಟ್ ಸಿಗದೇ ಪರದಾಡಿದ ಮೇಲೆ 2022ರಲ್ಲಿ ಅದೇ ಕಂಪನಿ ಹೊಸ ಫಸ್ಟ್ ಆಫೀಸರ್‌ಗೆ ಗಂಟೆಗೆ 90 ಡಾಲರ್ ಕೊಡಬೇಕಾಯಿತು. ಆವತ್ತು ಬೇಡ ಅಂದವರು ಇದನ್ನ ಎಲ್ಲರಿಗೂ ತೋರಿಸ್ತಾರೆ. ಹೌದು ಅಂದವರು ಆ 20 ಜೆಟ್ ಲೆಕ್ಕ ತೋರಿಸ್ತಾರೆ.

ಸ.ವಿ., ಬೆಂಗಳೂರು

ಎಲ್ಲರಿಗೂ ಥ್ಯಾಂಕ್ಸ್. ಸಂಪಾದಕರಿಗೆ ಕಳಿಸಿದ್ದು ಹೀಗೆ: ಮೊದಲ ಸಲ ಪೀಣ್ಯ ಸರ್ ಬರೆದ ಎರಡು ವಾಕ್ಯ, ಮುಂದಕ್ಕೆ ‘ಮತಕ್ಕಿಟ್ಟ ಒಪ್ಪಂದ’. ರ‍್ಯಾಟಿಫೈ ಬಂದಲ್ಲೆಲ್ಲ ‘ಮತ ಹಾಕಿ ಒಪ್ಪು’. ಹಿರಿತನದ ಪಟ್ಟಿ ಉಳಿಯಿತು, ಎತ್ತಿಕಟ್ಟು ಉಳಿಯಿತು, ಪೈಲಟ್ ಪೈಲಟ್ಟೇ. ತಲೆಬರಹ: ‘ಹೊಸ ಜೆಟ್ ಬೇಕಾ, ಸಂಬಳ ಬೇಕಾ: ಮತ ಹಾಕಿದ ಪೈಲಟ್‌ಗಳು’.

ಕಾನೂನು ಕನ್ನಡ, ಮೈಸೂರು

ಮತಕ್ಕಿಟ್ಟ ಒಪ್ಪಂದ! ‘ಮತ’ ಅಂದರೆ ಧರ್ಮ ಅಂತಲೂ ಇದೆ.

ಎಂ.ಕೆ., ಧಾರವಾಡ

ಅದಕ್ಕೇ ‘ಒಡಂಬಡಿಕೆ’ ಬೇಡ ಅಂದಿರೇನು ಮತ್ತ, ಬೈಬಲ್ಲಿನದು ಅಂತ? ಹಳೆಯದು, ಹೊಸದು ಎರಡೂ ಅವರೇ ತಗೊಂಡರು. ನಮಗ ಒಂದು ನಡುವಿನದಾದರೂ ಬಿಡ್ರಿ.

ಬಾನ್ನುಡಿ

ಯಾರೂ ಬೈಬಲ್ ಅಂದಿಲ್ಲ. ನೀವೇ ಅಂದಿದ್ದು. ಒಪ್ಪಂದದ ‘ಅಂದ’ಕ್ಕೆ ಇನ್ನೂ ಮರುನುಡಿ ಬಂದಿಲ್ಲ.

ನಿರ್ವಾಹಕರು

ಕೇಳಿದವರಿಗೆ ಪದ ಸಿಕ್ಕಿದೆ. ‘ಅಂದ’ದ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಅರಬ್ಬಿ, ಹಿಂದಿ, ಸಂಸ್ಕೃತದ ಎಳೆ ಆಗಲೇ ಒಂದು ನಡೀತಾ ಇದೆ, ಅಲ್ಲಿಗೆ ಹೋಗಿ.