ಸಹಾಯ ಬೇಕು: ಎಂಬಿಎ ಅರ್ಜಿಗೆ ಕನ್ಸಲ್ಟೆಂಟ್‌ಗೆ ದುಡ್ಡು ಕೊಡಬೇಕಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಹುಬ್ಬಳ್ಳಿಯಲ್ಲಿ ಟ್ರಾನ್ಸ್‌ಪೋರ್ಟ್ ಕಂಪನಿಯೊಂದರಲ್ಲಿದ್ದಾನೆ, ಆರು ವರ್ಷದ ಅನುಭವ. ಎಂಬಿಎ ಪ್ರವೇಶ ಪರೀಕ್ಷೆ ಜಿಮ್ಯಾಟ್‌ನಲ್ಲಿ 805ಕ್ಕೆ 655 ಬಂದಿದೆ. ಐಎಸ್‌ಬಿಯ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ಒಂದು ವರ್ಷದ ಪಿಜಿಪಿಗೂ ಐಐಎಂ ಬೆಂಗಳೂರಿನ ಇಪಿಜಿಪಿಗೂ ಅರ್ಜಿ ಹಾಕುತ್ತಿದ್ದಾನೆ, ಎರಡೂ ಕೆಲಸದ ಅನುಭವ ಇರೋರಿಗೆ ಇರುವ ಎಂಬಿಎ ತರಹದ ಕೋರ್ಸ್‌ಗಳು.

ಒಬ್ಬ ಕನ್ಸಲ್ಟೆಂಟ್ ಎರಡಕ್ಕೂ ಸೇರಿ ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಮಾದರಿಗೆ ಅಂತ ಅರ್ಜಿಗೆ ಅವನು ಬರೆದ ಒಂದು ಪ್ರಬಂಧ ತಿದ್ದಿ ಕಳಿಸಿದರು, ಅದನ್ನು ಓದಿದ ಮೇಲೇ ನನಗೆ ಅನುಮಾನ ಶುರುವಾಗಿದ್ದು. ಮಳೆಗಾಲದಲ್ಲಿ ಘಾಟಿ ರಸ್ತೆ ಬಂದ್ ಆಗಿ ಲಾರಿಗಳು ನಿಂತಾಗ ಡ್ರೈವರ್‌ಗಳ ಊಟಕ್ಕೆ, ಸರಕಿಗೆ ಏನು ವ್ಯವಸ್ಥೆ ಮಾಡಿದ ಅಂತ ಅವನು ಚೆನ್ನಾಗಿ ಬರೆದಿದ್ದ. ಅದೆಲ್ಲ ತೆಗೆದು ಬರೀ ಲೀಡರ್‌ಶಿಪ್, ವಿಷನ್ ಅಂತ ತುಂಬಿಸಿದ್ದಾರೆ. ಇಂಟರ್‌ವ್ಯೂನಲ್ಲಿ ಇದನ್ನೇ ಕೆದಕಿ ಕೇಳಿದರೆ ಅವನು ಏನು ಹೇಳಬೇಕು? ಬಾಸ್ ಕೊಡಬೇಕಾದ ಶಿಫಾರಸು ಪತ್ರವನ್ನೂ ತಾವೇ ಬರೆಯುತ್ತಾರಂತೆ, ಅದು ತಪ್ಪು ಅಲ್ವಾ?

ಆದರೆ ಮನೆಯಲ್ಲಿ ದಾರಿ ತೋರಿಸೋರು ಯಾರೂ ಇಲ್ಲ, ಸುಮ್ನೆ ಬೇಡ ಅನ್ನೋಕೂ ಭಯ.

ಕನ್ಸಲ್ಟೆಂಟ್ ಇಟ್ಟುಕೊಂಡವರು ನಿಜಕ್ಕೂ ಏನು ಉಪಯೋಗ ಆಯ್ತು ಹೇಳಿ. ಪೂರ್ತಿ ಪ್ಯಾಕೇಜ್ ಬಿಟ್ಟು ಗಂಟೆ ಲೆಕ್ಕದಲ್ಲಿ ಪ್ರಬಂಧ ನೋಡಿಕೊಡುವವರು, ಅಣಕು ಇಂಟರ್‌ವ್ಯೂ ಮಾಡುವವರು ಇದ್ದಾರಾ? ಐಎಸ್‌ಬಿಯಲ್ಲೋ ಐಐಎಂ ಬೆಂಗಳೂರಲ್ಲೋ ಓದಿದವರು ಯಾರಾದರೂ ಒಮ್ಮೆ ಅವನ ಜೊತೆ ಫೋನಲ್ಲಿ ಮಾತಾಡಿದರೂ ದೊಡ್ಡ ಉಪಕಾರ.