ಅನುವಂಶೀಯತೆ, ಜೀವವಿಕಾಸದ ಪಾಠ: ನಿಮ್ಮ ತರಗತಿಯಲ್ಲಿ ಯಾವುದು ಕೈ ಹಿಡಿಯಿತು?

ಕೇಳಿದವರು: ಪ್ರೌಢಶಾಲೆಯ ಮಕ್ಕಳಿಗೆ ಇದೇ ಮೊದಲ ಸಲ ಈ ಎರಡು ಪಾಠ ಮಾಡುತ್ತಿದ್ದೇನೆ. ತಂದೆ ತಾಯಿಯ ಜೀನುಗಳ ಚೌಕ ಹಾಕಿ, ಮರಿಗಳಲ್ಲಿ ಗುಣಗಳ ಅನುಪಾತ 3:1 ಅಂತ ಬರೆಯುವುದು ಬೇಗ ಬಂದುಬಿಡುತ್ತದೆ. ಹಾಗಂದರೆ ಏನು ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಜಿರಾಫೆ ಚಾಚಿ ಚಾಚಿ ಕತ್ತು ಉದ್ದವಾಯಿತು ಅನ್ನುವುದಂತೂ ತಲೆಯಿಂದ ಹೋಗುತ್ತಲೇ ಇಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ, ಎಲ್ಲಿಂದ ಶುರು ಮಾಡಲಿ?

ಜೀವಶಾಸ್ತ್ರದ ಶಿಕ್ಷಕಿ: ಮೊದಲು ಅನುವಂಶೀಯತೆ, ವಿಕಾಸ ಆಮೇಲೆ. ನಾನು ಎಷ್ಟೋ ವರ್ಷ ಉಲ್ಟಾ ಮಾಡಿದ್ದೆ. ಗುಣಗಳು ಮರಿಗೆ ಹೇಗೆ ದಾಟುತ್ತವೆ ಅನ್ನುವುದೇ ಗೊತ್ತಿಲ್ಲದವರಿಗೆ ಡಾರ್ವಿನ್ ಹೇಳಿದ್ದು ಬರೀ ಕಥೆಯಾಗುತ್ತಿತ್ತು. ಬ್ರಿಟನ್ನಿನಲ್ಲಿ 14–16 ವಯಸ್ಸಿನ ಸುಮಾರು 2,000 ಮಕ್ಕಳಲ್ಲಿ ಇದನ್ನೇ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಅನುವಂಶೀಯತೆ ಮೊದಲು ಕಲಿತವರಿಗೆ ವಿಕಾಸ ಹೆಚ್ಚು ಚೆನ್ನಾಗಿ ಅರ್ಥವಾಗಿತ್ತು.

ಜಿರಾಫೆಗೆ ನನ್ನ ಮದ್ದು ಕಾಗದದ ಚೂರು. ಹಸಿರು ಬಟ್ಟೆ ಹಾಸಿ 30 ಹಸಿರು, 30 ಕೆಂಪು ಚೂರು ಚೆಲ್ಲಿ. ನಾಲ್ಕು ಮಕ್ಕಳು ಹಕ್ಕಿಗಳು. ಕಣ್ಣಿಗೆ ಬಿದ್ದದ್ದನ್ನು ಗಬಗಬ ಹೆಕ್ಕಬೇಕು. 40 ಆದ ಕೂಡಲೇ ನಿಲ್ಲಿಸಿ. ಉಳಿದ ಒಂದೊಂದು ಚೂರಿಗೂ ಅದೇ ಬಣ್ಣದ ಎರಡೆರಡು ಮರಿ ಸೇರಿಸಿ ಮತ್ತೆ ಆಡಿಸಿ. ಮೂರನೇ ಸುತ್ತಿಗೆ ಕೆಂಪನ್ನು ಹುಡುಕಬೇಕಾಗುತ್ತದೆ. ಆಗ ಕೇಳಿ: ‘ಯಾವುದಾದರೂ ಚೂರು ತನ್ನ ಬಣ್ಣ ಬದಲಾಯಿಸಿಕೊಂಡಿತಾ?’ ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ಒಂದೂ ಬದಲಾಗಿಲ್ಲ, ಬದಲಾದದ್ದು ಗುಂಪು! ಇದಾದ ಮೇಲೆ ಗಲಾಪಗೋಸ್ ದ್ವೀಪಗಳ ಫಿಂಚ್ ಹಕ್ಕಿಗಳ ಉದಾಹರಣೆ ತನ್ನಿ. 1977ರ ಬರದಲ್ಲಿ ಸಣ್ಣ ಬೀಜ ಮುಗಿದು ಗಟ್ಟಿ ಬೀಜವೇ ಉಳಿದಾಗ ದಪ್ಪ ಕೊಕ್ಕಿನವೇ ಜಾಸ್ತಿ ಬದುಕಿದವು. ಬರ ಬಂತೆಂದು ಯಾವ ಹಕ್ಕಿಯ ಕೊಕ್ಕೂ ಬೆಳೆಯಲಿಲ್ಲ.

ಗಣಿತದ ಮೇಷ್ಟ್ರು: 3:1 ಅಂದರೆ ನಾಲ್ಕರಲ್ಲಿ ಮೂರು ಖಂಡಿತ ಹೀಗೇ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಇಬ್ಬಿಬ್ಬರಿಗೆ ಎರಡು ನಾಣ್ಯ ಕೊಟ್ಟು 20 ಸಲ ಚಿಮ್ಮಿಸಿ. ಒಂದೊಂದು ನಾಣ್ಯ ಒಂದೊಂದು ಪೋಷಕ ಗಿಡದಿಂದ ಬರುವ ಜೀನು, ಹಿಂಬದಿ ಅಂದರೆ ಗಿಡ್ಡದ್ದು. ಎರಡೂ ಹಿಂಬದಿ ಬಿದ್ದರೆ ಗಿಡ್ಡ ಗಿಡ, ಉಳಿದದ್ದೆಲ್ಲ ಎತ್ತರ. ನನ್ನ ತರಗತಿಯಲ್ಲಿ ಒಂದು ಜೋಡಿಗೆ ಗಿಡ್ಡ ಒಂದೇ ಬಂತು, ಪಕ್ಕದವರಿಗೆ ಒಂಬತ್ತು. ‘ಸರ್, ನಮ್ದು ತಪ್ಪಾ?’ ಅಂದರು. ಎಲ್ಲರದ್ದೂ ಬೋರ್ಡಿನ ಮೇಲೆ ಕೂಡಿಸಿದಾಗ ಕಾಲು ಭಾಗದ ಹತ್ತಿರ ಬಂದು ನಿಂತಿತು. ಆಮೇಲೆ ಅನುವಂಶೀಯತೆಯ ನಿಯಮ ಕಂಡುಕೊಂಡ ಮೆಂಡೆಲ್ ಎಣಿಸಿದ ಬಟಾಣಿ ಬರೆದೆ: ದುಂಡು 5,474, ಸುಕ್ಕು 1,850. ಅವನು ಯಾಕೆ ಅಷ್ಟೊಂದು ಎಣಿಸಿದ ಅಂತ ಮಕ್ಕಳೇ ಹೇಳಿದರು.

ಇನ್ನೊಬ್ಬ ಶಿಕ್ಷಕಿ: ‘ಪ್ರಬಲ’ ಅನ್ನುವ ಪದದ ಬಗ್ಗೆ ಹುಷಾರು. ಶಕ್ತಿ ಜಾಸ್ತಿ, ಎಲ್ಲರಲ್ಲೂ ಅದೇ ಇರುತ್ತದೆ ಅಂತ ಮಕ್ಕಳಿಗೆ ಅನಿಸುತ್ತದೆ. ಆರನೇ ಬೆರಳಿನ ಕೆಲವು ಬಗೆಗಳು ಪ್ರಬಲ ಗುಣವೇ, ಆದರೂ ಹೆಚ್ಚಿನವರಿಗೆ ಐದೇ ಬೆರಳು ಅಲ್ವಾ? ನಾನು ಬಟಾಣಿಯಲ್ಲೇ ವಿವರಿಸುತ್ತೇನೆ. ಸುಕ್ಕು ಬೀಜದಲ್ಲಿ ಪಿಷ್ಟ ಕಟ್ಟುವ ಒಂದು ಕಿಣ್ವದ ಜೀನ್ ಕೆಟ್ಟಿರುತ್ತದೆ. ಸಕ್ಕರೆ ಹಾಗೇ ಉಳಿದು ನೀರು ಎಳೆದುಕೊಳ್ಳುತ್ತದೆ, ಬೀಜ ಉಬ್ಬುತ್ತದೆ, ಒಣಗುವಾಗ ಸುಕ್ಕಾಗುತ್ತದೆ. ಎರಡೂ ಪೋಷಕ ಗಿಡಗಳಿಂದ ಒಂದೊಂದರಂತೆ ಬರುವ ಜೀನಿನ ಎರಡು ಪ್ರತಿಗಳಲ್ಲಿ ಸರಿಯಾದದ್ದು ಒಂದಿದ್ದರೂ ಬೀಜ ದುಂಡಗಾಗುತ್ತದೆ. ಪ್ರಬಲ ಅಂದರೆ ಇಷ್ಟೇ.

ಒಂದು ಕೋರಿಕೆ. ಮನೆಯಲ್ಲಿ ಯಾರಿಗೆ ನಾಲಿಗೆ ಮಡಚಲು ಬರುತ್ತದೆ, ಬರೆದು ತನ್ನಿ ಅನ್ನುವ ಹೋಮ್‌ವರ್ಕ್ ಕೊಡಬೇಡಿ. ನಾನು ಕೊಟ್ಟಿದ್ದೆ. ‘ಅಪ್ಪ ಅಮ್ಮ ಇಬ್ಬರಿಗೂ ಬರಲ್ಲ ಮಿಸ್, ನನಗೆ ಬರುತ್ತೆ’ ಅಂದಳು ಒಬ್ಬ ಹುಡುಗಿ. ಹಿಂದಿನಿಂದ ಯಾರೋ ‘ಹಾಗಾದ್ರೆ ನೀನು ಅವರ ಮಗಳಲ್ಲ’ ಅಂದುಬಿಟ್ಟರು. ಅವಳ ಮುಖ ಇನ್ನೂ ಕಣ್ಣ ಮುಂದಿದೆ. ಅದು ಒಂದೇ ಜೀನಿನ ಗುಣವೇ ಅಲ್ಲ. ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದುಂಟು. ಮರುದಿನ ಇಡೀ ತರಗತಿಯ ಮುಂದೆ ಹೇಳಿದೆ, ತಪ್ಪು ನನ್ನ ಪಾಠದ್ದು ಅಂತ.

ಕೇಳಿದವರು: ತುಂಬಾ ಥ್ಯಾಂಕ್ಸ್. ನಾಳೆಯೇ ನಾಣ್ಯ ತರಿಸುತ್ತೇನೆ. ಇನ್ನೊಂದು ಪ್ರಶ್ನೆ. ‘ಮಂಗನಿಂದ ಮಾನವ ಆದರೆ ಮಂಗಗಳು ಇನ್ನೂ ಯಾಕಿವೆ?’ ಅಂತ ಕೇಳಿದರೆ?

ಜೀವಶಾಸ್ತ್ರದ ಶಿಕ್ಷಕಿ: ದಾಯಾದಿಗಳು ಅನ್ನಿ, ಥಟ್ಟನೆ ಹೊಳೆಯುತ್ತದೆ. ದೊಡ್ಡಪ್ಪನ ಮಗನಿಂದ ನೀವು ಹುಟ್ಟಿಲ್ಲ, ಇಬ್ಬರಿಗೂ ಅಜ್ಜ ಒಬ್ಬರೇ. ಚಿಂಪಾಂಜಿಗೂ ನಮಗೂ ಅಂಥ ಅಜ್ಜ ಇದ್ದದ್ದು ಸುಮಾರು 60–70 ಲಕ್ಷ ವರ್ಷದ ಹಿಂದೆ. ಏಣಿಯ ಚಿತ್ರ ಬೇಡ, ಕವಲೊಡೆದ ಮರ ಬರೆಯಿರಿ. ಸೀಮೆಸುಣ್ಣ ಮಕ್ಕಳ ಕೈಗೇ ಕೊಡಿ.