ಪದಚರ್ಚೆ: ಕಣ್ಣಿಗೆ ಬೀಳದ ‘ಡೈನಾಮಿಕ್ ಮೆನು’ವಿಗೆ ಕನ್ನಡದಲ್ಲಿ ಏನನ್ನೋಣ?

ಬಲ್ಲವರೆಲ್ಲರಿಗೂ ನಮಸ್ಕಾರ.

ಬರೀ ಅಕ್ಷರಗಳಲ್ಲೇ ಜಾಲಪುಟ ಓದಿಸುವ ‘ಎಡ್‌ಬ್ರೌಸ್’ ಎಂಬ ಬ್ರೌಸರಿಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ, ಜೊತೆಗೆ ಅದು ಕೊಡುವ ಸೂಚನೆಗಳನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ಕಣ್ಣು ಕಾಣದ ಪ್ರೋಗ್ರಾಮರ್ ಕಾರ್ಲ್ ಡಾಲ್ಕೆ ಕಟ್ಟಿದ ಬ್ರೌಸರ್ ಇದು. ಪುಟವನ್ನು ಸಾಲುಸಾಲಾಗಿ ಬಿಡಿಸಿಟ್ಟುಕೊಂಡು, ನಾವು ಕೇಳಿದ ಸಾಲನ್ನಷ್ಟೇ ಕೊಡುತ್ತದೆ. ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಅದನ್ನು ದನಿಯಲ್ಲಿ ಓದಿ ಹೇಳುತ್ತದೆ. ಇಂಥ ಬ್ರೌಸರುಗಳಲ್ಲಿ ಹಳೆಯದಾದ, 1992ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಲಿಂಕ್ಸ್‌ಗೆ ಜಾವಾಸ್ಕ್ರಿಪ್ಟ್ (ಜಾಲಪುಟದೊಳಗೇ ಓಡುವ ಪ್ರೋಗ್ರಾಮುಗಳ ಭಾಷೆ) ಬಾರದು. ಎಡ್‌ಬ್ರೌಸ್ ಜಾವಾಸ್ಕ್ರಿಪ್ಟನ್ನು ಓಡಿಸುತ್ತದೆ. ನನ್ನ ತೊಡಕು ಶುರುವಾಗುವುದು ಅಲ್ಲಿಂದಲೇ.

ನಮಗೆಲ್ಲ ಗೊತ್ತಿರುವ ಉದಾಹರಣೆ ತೆಗೆದುಕೊಳ್ಳಿ. ಜಮೀನಿನ ವಿವರ ಹುಡುಕುವ ಪುಟದಲ್ಲಿ ಮೊದಲು ಜಿಲ್ಲೆ ಆರಿಸುತ್ತೇವೆ, ಆಮೇಲೆ ತಾಲ್ಲೂಕು, ಹೋಬಳಿ, ಗ್ರಾಮ. ಜಿಲ್ಲೆ ಆರಿಸುವ ತನಕ ತಾಲ್ಲೂಕಿನ ಮೆನು ಖಾಲಿ. ಹಾಸನ ಅಂದೊಡನೆ ಅರಸೀಕೆರೆ, ಬೇಲೂರು, ಸಕಲೇಶಪುರ ಬಂದು ಕೂರುತ್ತವೆ. ಈ ಹೆಸರುಗಳು ಪುಟದಲ್ಲಿ ಮೊದಲೇ ಬರೆದಿಟ್ಟವಲ್ಲ, ಸ್ಕ್ರಿಪ್ಟ್ ಆಗ ತಂದು ಸೇರಿಸಿದವು. ಎಡ್‌ಬ್ರೌಸಿನಲ್ಲಿ ಜಿಲ್ಲೆಯ ಹೆಸರು ಟೈಪ್ ಮಾಡಿದರೂ ಇದೇ ನಡೆಯುತ್ತದೆ. ಆದರೆ ಏನೂ ಕೆಳಗೆ ಇಳಿಯುವುದಿಲ್ಲ, ತೆರೆದುಕೊಳ್ಳುವುದಿಲ್ಲ. ತಾಲ್ಲೂಕಿನ ಆಯ್ಕೆಗಳು ಬೇಕೆಂದರೆ ಆ ಸಾಲಿಗೆ ಹೋಗಿ ‘ಐ’ ಅಕ್ಷರ, ಪ್ರಶ್ನೆಚಿಹ್ನೆ ಒತ್ತಿ ಕೇಳಬೇಕು.

ಹೀಗೆ ಆಮೇಲೆ ತುಂಬಿಕೊಳ್ಳುವ ‘ಡೈನಾಮಿಕ್ ಮೆನು’ವಿಗೆ ಕರಡಿನಲ್ಲಿ ನಾನು ‘ಚಲನಶೀಲ ಇಳಿಪಟ್ಟಿ’ ಎಂದು ಬರೆದಿದ್ದೆ. ಹುಟ್ಟಿನಿಂದ ಕಣ್ಣು ಕಾಣದ ಗೆಳೆಯರೊಬ್ಬರು ಕೇಳಿ ನೋಡಿದರು. ಎರಡು ಸಲ ಹಿಂದೆ ಹೋಗಿ ಅದೇ ವಾಕ್ಯ ಓದಿಸಿಕೊಂಡರು. “ಇದು ಎಲ್ಲಿಂದ ಎಲ್ಲಿಗೆ ಚಲಿಸುತ್ತೆ? ಎಲ್ಲಿಗೆ ಇಳಿಯುತ್ತೆ? ನಾನು ಅದರ ಹಿಂದೆ ಹೋಗಬೇಕಾ?” ಎಂದು ಕೇಳಿದರು. ಅವರಿಗಾಗಿಯೇ ಬರೆದ ಕೈಪಿಡಿಯ ಆ ಮಾತು ಕಣ್ಣಿರುವವನು ಕಂಡದ್ದರಿಂದ ಹುಟ್ಟಿತ್ತು. ಆ ಪುಟವನ್ನು ಅಂದೇ ಅಳಿಸಿದೆ.

ಅಲ್ಲಿಂದ ಒಂದೊಂದೇ ಪದವನ್ನು ತೂಗಿ ನೋಡುತ್ತಿದ್ದೇನೆ. ‘ಚಲನಶೀಲ’ಕ್ಕೆ ಚಲನೆ ಇಲ್ಲದ ಕಡೆ ಕೆಲಸವಿಲ್ಲ. ‘ಕ್ರಿಯಾತ್ಮಕ’ವನ್ನು ಈಗ ಹತ್ತು ಅರ್ಥಕ್ಕೆ ಹಚ್ಚಿ ಸವೆಸಿದ್ದೇವೆ. ಸ್ಥಿರಾಸ್ತಿ, ಚರಾಸ್ತಿ ಎಂಬ ಜೋಡಿಯ ಜಾಡಿನಲ್ಲಿ ‘ಚರಪಟ್ಟಿ’ ಎನ್ನಬಹುದಿತ್ತು; ಚಿಕ್ಕದು, ಚೆನ್ನಾಗಿಯೂ ಇದೆ. ಆದರೆ ಗಣಿತದಲ್ಲಿ, ಪ್ರೋಗ್ರಾಮಿಂಗಿನಲ್ಲಿ ‘ಚರ’ (ವೇರಿಯಬಲ್) ಬೇರೆಯದೇ ವಸ್ತು. ‘ತುಂಬುಪಟ್ಟಿ’ ಎಂದರೆ? ತುಂಬುಗರ್ಭಿಣಿ, ತುಂಬುಸಂಸಾರ ಅನ್ನುವ ಕಿವಿಗೆ ಅದು ಆಗಲೇ ತುಂಬಿರುವ ಪಟ್ಟಿ. ನಮ್ಮದೋ ಮೊದಲಿಗೆ ಖಾಲಿ.

ನನಗೆ ಒಗ್ಗಿದ್ದು ‘ಮೂಡುಪಟ್ಟಿ’. ತೂಗುಸೇತುವೆ, ಬೀಸುಕಲ್ಲು, ರುಬ್ಬುಗುಂಡು ಇವುಗಳ ಹಾಗೆಯೇ ಧಾತುವಿಗೆ ನಾಮಪದ ಕೂಡಿದ್ದು. ಮೂಡುವುದಕ್ಕೆ ಕಣ್ಣು ಬೇಕಿಲ್ಲ: ಅನುಮಾನ ಮೂಡುತ್ತದೆ, ನಂಬಿಕೆ ಮೂಡುತ್ತದೆ. ಇಲ್ಲದಿದ್ದದ್ದು ಉಂಟಾಗುವುದು ಎಂಬ ಭಾವವೂ ಅದರಲ್ಲಿದೆ. ಅಳುಕು ಇರುವುದು ಕರಾವಳಿಯವರ ಬಗ್ಗೆ. ಮೂಡುಬಿದಿರೆಯ ‘ಮೂಡು’ ಪೂರ್ವ ದಿಕ್ಕು. ಮಂಗಳೂರು, ಉಡುಪಿ ಕಡೆಯ ಕಿವಿಗೆ ಮೂಡುಪಟ್ಟಿ ಎಂದಾಗ ಮೂಡಣ ದಿಕ್ಕಿನ ಯಾವುದೋ ಪಟ್ಟಿ ನೆನಪಾಗುತ್ತದೆಯೇ? ಆ ಕಡೆಯವರು ದಯವಿಟ್ಟು ಹೇಳಬೇಕು.

‘ಪಟ್ಟಿ’ಯ ಬಗ್ಗೆಯೂ ಗೊಂದಲವಿದೆ. ಉತ್ತರ ಕರ್ನಾಟಕದಲ್ಲಿ ಜಾತ್ರೆಗೆ, ಗಣಪತಿಗೆ ಕೂಡಿಸುವ ವಂತಿಗೆಗೆ ಪಟ್ಟಿ ಅನ್ನುತ್ತಾರೆ. ಅದು ಸಂದರ್ಭದಿಂದ ತಿಳಿಯುತ್ತದೆ, ಬಿಡಿ. ಕಂಪ್ಯೂಟರಿನ ಕನ್ನಡದೊಳಗಿನ ತೊಡಕೇ ದೊಡ್ಡದು. ಪರದೆಯ ಅಂಚಿನ ಉದ್ದನೆಯ ತುಂಡಿಗೂ ಪಟ್ಟಿ, ಹೆಸರುಗಳ ಸಾಲಿಗೂ ಪಟ್ಟಿ, ಮೆನುವಿಗೂ ಪಟ್ಟಿ. ಕಣ್ಣಿರುವವರು ಆಕಾರ ನೋಡಿ ಬೇರ್ಪಡಿಸುತ್ತಾರೆ. ಕೇಳುವವರಿಗೆ ಮೂರೂ ಒಂದೇ ಸದ್ದು. ಅದಕ್ಕೇ ‘ಮೆನು’ವನ್ನು ಹಾಗೆಯೇ ಉಳಿಸಿಕೊಂಡು ‘ಮೂಡುಮೆನು’ ಎನ್ನೋಣವೇ ಎಂದೂ ಯೋಚಿಸಿದೆ. ಹೋಟೆಲಿನಿಂದ ಬಂದ ಮೆನು ಈಗ ನಮ್ಮದೇ. ಕೆಲವರು ‘ಪರಿವಿಡಿ’ ಅನ್ನುತ್ತಾರೆ, ಆದರೆ ಪುಸ್ತಕದ ಮೊದಲ ಪುಟಗಳಲ್ಲಿ ಅದಕ್ಕೆ ನೆಲೆಯಾದ ಜಾಗವಿದೆ, ಅಲ್ಲಿಂದ ಎಬ್ಬಿಸಲು ನನಗೆ ಮನಸ್ಸಿಲ್ಲ.

ಇನ್ನೊಂದು ಬಗೆಯ ಮೆನುವೂ ಇದೆ. ಅದರ ಆಯ್ಕೆಗಳು ಪುಟದಲ್ಲಿ ಮೊದಲೇ ಇರುತ್ತವೆ, ಮೌಸ್ ಮೇಲೆ ಬರುವವರೆಗೆ ಮರೆಯಾಗಿರುತ್ತವೆ ಅಷ್ಟೇ. ಅವನ್ನು ‘ಮರೆಮೆನು’ ಎಂದು ಬೇರೆಯಾಗಿಯೇ ಕರೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ಇಂಗ್ಲಿಷಿನಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಕಟ್ಟಿಹಾಕಿದ್ದಾರೆಂದು ನಾವೂ ಹಾಗೆ ಮಾಡಬೇಕಿಲ್ಲ.

ಈಗ ಬಳಕೆಯ ಪ್ರಶ್ನೆ. ಇದೇ ನನಗೆ ಹೆಚ್ಚು ಮುಖ್ಯ. ಸ್ಕ್ರಿಪ್ಟ್ ಏನಾದರೂ ಮಾಡಿದ ಮೇಲೆ ಎಡ್‌ಬ್ರೌಸ್ ಹಳೆಯ ಸಾಲುಗಳನ್ನೂ ಹೊಸ ಸಾಲುಗಳನ್ನೂ ಹೋಲಿಸಿ, ಎಲ್ಲಿ ವ್ಯತ್ಯಾಸವಾಯಿತೆಂದು ಹೇಳುತ್ತದೆ. ‘12ನೇ ಸಾಲನ್ನು ಬದಲಾಯಿಸಲಾಗಿದೆ’ ಎಂದು ಬರೆದೆ. ಕೂಡಲೇ ಕಚೇರಿಯ ಸುತ್ತೋಲೆಯ ವಾಸನೆ ಬಂತು. ‘12ನೇ ಸಾಲು ಬದಲಾಗಿದೆ’ ಚುರುಕಾಗಿದೆ, ಸ್ಕ್ರೀನ್ ರೀಡರ್ ಓದಿ ಮುಗಿಸುವುದೂ ಬೇಗ. ಆದರೆ ಸಾಲು ತಾನಾಗಿಯೇ ಬದಲಾಯಿತು ಎಂಬ ಛಾಯೆ ಬರುತ್ತದೆಯಲ್ಲ, ಅದು ಸರಿಯೇ? ಬದಲಿಸಿದ್ದು ಸ್ಕ್ರಿಪ್ಟ್. ‘ಬಾಗಿಲು ತೆರೆಯಿತು’ ಅಂದಾಗ ಯಾರೂ ತಳ್ಳಲಿಲ್ಲವೆಂದು ನಾವು ತಿಳಿಯುವುದಿಲ್ಲ, ಹಾಗಾಗಿ ‘ಬದಲಾಗಿದೆ’ ಸಾಕು ಎಂದು ನನ್ನ ಕಿವಿ ಹೇಳುತ್ತದೆ. ವ್ಯಾಕರಣ ಬಲ್ಲವರ ಮಾತು ಬೇಕು.

ಸಂಖ್ಯೆಗೆ ವಿಭಕ್ತಿ ಹಚ್ಚುವಲ್ಲೂ ಎಡವಿದೆ. ‘5ರಿಂದ 9ರವರೆಗೆ’ ಎಂಬ ಅಚ್ಚು 12ಕ್ಕೂ 40ಕ್ಕೂ 100ಕ್ಕೂ ಸಲ್ಲುತ್ತದೆ. 1000 ಬಂದಾಗ ಮುರಿಯಿತು: ಅಲ್ಲಿ ‘ಸಾವಿರದಿಂದ’ ಆಗಬೇಕು, ‘ಸಾವಿರರಿಂದ’ ಅಲ್ಲ. ಉದ್ದದ ಪುಟಗಳಲ್ಲಿ ಸಾವಿರ ಸಾಲು ದಾಟುವುದು ಸಾಮಾನ್ಯ. ಅದಕ್ಕೆ ‘1000ನೇ ಸಾಲಿನಿಂದ 1012ನೇ ಸಾಲಿನವರೆಗೆ’ ಎಂದು ‘ಸಾಲಿ’ಗೇ ವಿಭಕ್ತಿ ಹಚ್ಚಿದ್ದೇನೆ. ಉದ್ದವಾಯಿತು, ಆದರೆ ತಪ್ಪಾಗದು. ಇದಕ್ಕಿಂತ ಚಿಕ್ಕ ದಾರಿ ಯಾರಿಗಾದರೂ ಹೊಳೆದರೆ ತಿಳಿಸಿ.

ಕೊನೆಯದು, ಬ್ರೌಸರ್ ಎಂಬ ಪದವೇ. ‘ಜಾಲವೀಕ್ಷಕ’ವನ್ನು ಈ ಕೈಪಿಡಿಯಲ್ಲಿ ಬಳಸಲು ನನಗೆ ಕೈ ಬರುತ್ತಿಲ್ಲ, ಕಾರಣ ಹೇಳಬೇಕಿಲ್ಲ. ‘ಜಾಲಾಡುಕ’ ಅಲ್ಲಲ್ಲಿ ಕೇಳಿದ್ದೇನೆ. ಅಕ್ಕಿಯನ್ನು ನೀರಿನಲ್ಲಿ ಜಾಲಿಸಿ ಕಲ್ಲು ಬೇರೆ ಮಾಡುವಾಗ ಕೆಲಸ ಮಾಡುವುದು ಕಣ್ಣಿಗಿಂತ ಹೆಚ್ಚಾಗಿ ಕೈ. ಪುಟವನ್ನು ಸಾಲುಸಾಲಾಗಿ ತಡವಿ ಬೇಕಾದ್ದನ್ನು ತೆಗೆದುಕೊಳ್ಳುವವರಿಗೆ ಇದಕ್ಕಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ. ಮಾತಿನಲ್ಲಿ ನೀವು ಇದನ್ನು ನಿಜವಾಗಿ ಬಳಸುತ್ತೀರಾ, ಅಥವಾ ಬರಹದಲ್ಲಷ್ಟೇ ನೋಡಿದ್ದೀರಾ? ಗೆಳೆಯರು ಮುಂದಿನ ವಾರ ಎರಡನೆಯ ಕರಡು ಕೇಳಲು ಕೂರುತ್ತಾರೆ. ಅಷ್ಟರೊಳಗೆ ಉತ್ತರ ಬಂದರೆ ಅದರಲ್ಲೇ ಸೇರಿಸುತ್ತೇನೆ.